ಬಳೆ ಅಂಗಡಿಯ ಸೊಸೆ ಕಲಿಸಿದ್ದು

ನನ್ನ ಮಗಳಿಗಿರುವುದಕ್ಕೆ ಆಟಿಸಂ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಅವಳ ಕೂದಲು ಅಲ್ಲಲ್ಲಿ ಹಣ್ಣಾಗತೊಡಗಿದ ಮೇಲೆ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ನನ್ನ ಮಗನ ಮಗಳು ರಜೆಗೆ ಬಂದಾಗ ನನ್ನ ಪಕ್ಕ ಕೂತು ಅದನ್ನೆಲ್ಲ ಬಿಡಿಸಿ ಹೇಳಿದಳು. ಇಂಥ ಮಕ್ಕಳಿಗೆ ಹೇಗೆ ಕಲಿಸುತ್ತಾರೆ, ಕೆಲಸವನ್ನು ಹೇಗೆ ಸಣ್ಣ ಸಣ್ಣ ತುಂಡು ಮಾಡುತ್ತಾರೆ, ಮಗು ಒಂದು ತುಂಡು ಮಾಡಿದ ಕೂಡಲೇ ಅದಕ್ಕೆ ಇಷ್ಟವಾದದ್ದನ್ನು ಹೇಗೆ ಕೊಡುತ್ತಾರೆ ಎಂದು ವಿವರಿಸುತ್ತ ಹೋದಳು. ನಾನು ನಡುವೆ ಬಾಯಿ ಹಾಕಿ, ಮಗು ಹಟ ಮಾಡಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಮುಂದಿನದನ್ನು ಹೇಳಿದೆ. ಅವಳು ಬೆರಗಾಗಿ, ನಿನಗ ಯಾರ ಹೇಳಿದರು ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ವಿಜಯಪುರವನ್ನು ಆಗ ನಾವು ವಿಜಾಪುರ ಎನ್ನುತ್ತಿದ್ದೆವು. ನನ್ನ ಗಂಡನಿಗೆ ಅಲ್ಲಿ ಕಚೇರಿಯಲ್ಲಿ ಗುಮಾಸ್ತಿಕೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹಳೆಯ ಮನೆಯೊಂದರ ಎರಡು ಕೋಣೆ ಹಿಡಿದಿದ್ದೆವು. ಅತ್ತೆಯ ಊರು ತಿಕೋಟಾ. ನನಗೆ ಮಗಳು ಹುಟ್ಟಿದ ಮೇಲೆ ಅವರು ಹೊಲಮನೆಯನ್ನು ಮೈದುನನಿಗೆ ಒಪ್ಪಿಸಿ ನಮ್ಮಲ್ಲಿಗೆ ಬಂದಿದ್ದರು. ನನ್ನ ತವರು ಬಬಲೇಶ್ವರ, ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟು ದೂರ.

ಮಗಳು ಹುಟ್ಟಿದಾಗ ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದಳು. ನಡೆದಾಡುವ ಹೊತ್ತಿಗೆ ‘ಅವ್ವ’ ಅಂದಳು, ‘ಹಾಲ’ ಅಂದಳು. ಆಮೇಲೆ ಆ ಮಾತುಗಳು ಬಂದ ದಾರಿಯಲ್ಲೇ ಹೊರಟುಹೋದವು. ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೇನೋ ಅಂದುಕೊಂಡೆವು. ಆದರೆ ಓಣಿಯ ತುದಿಯಲ್ಲಿ ಯಾರದಾದರೂ ಕೈಬಳೆ ಸಪ್ಪಳವಾದರೆ ಸಾಕು, ಎದ್ದು ಬಾಗಿಲಿಗೆ ಓಡುತ್ತಿದ್ದಳು. ಕಿವಿಗೆ ಏನೂ ಆಗಿಲ್ಲವೆಂದು ಆಗಲೇ ತಿಳಿಯಿತು. ಏನಾಗಿದೆ ಎಂಬುದು ತಿಳಿಯಲಿಲ್ಲ.

ಎಲ್ಲಕ್ಕಿಂತ ಕಷ್ಟವಾಗಿದ್ದು ಅವಳಿಗೆ ಏನು ಬೇಕೆಂದು ಗೊತ್ತಾಗದಿರುವುದು. ಮನೆಯ ನಡುವೆ ನಿಂತು ಚೀರುವಳು. ನೀರೋ, ರೊಟ್ಟಿಯೋ, ಹೊಟ್ಟೆನೋವೋ ತಿಳಿಯದೆ ನಾವು ಒಂದೊಂದನ್ನೇ ತಂದು ಮುಂದೆ ಹಿಡಿಯುವೆವು. ಅಷ್ಟರಲ್ಲಿ ಅವಳು ಗೋಡೆಗೆ ಹಣೆ ಜಜ್ಜಿಕೊಳ್ಳಲು ಶುರು ಮಾಡಿರುತ್ತಿದ್ದಳು. ಆ ಹಣೆಯ ಮೇಲಿನ ಬಾವು ಇಳಿದದ್ದನ್ನು ನಾನು ಎಷ್ಟೋ ಕಾಲ ಕಾಣಲಿಲ್ಲ.

ನನ್ನ ತಮ್ಮನ ಮದುವೆಗೆ ಅವಳನ್ನು ಕರೆದುಕೊಂಡು ಬಸ್ಸು ಹತ್ತಿದ್ದೆ. ಬಸ್ಸು ಶುರುವಾದದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಚೀರತೊಡಗಿದಳು, ನನ್ನ ಕೈ ಕಚ್ಚಿದಳು. ಹಿಂದಿನ ಸೀಟಿನ ಹೆಂಗಸು ಗಾಳಿ ಸೋಕಿರಬೇಕು ಅಂದಳು. ಇನ್ನೊಬ್ಬರು ತಾಯಿಗೆ ಬುದ್ಧಿ ಇಲ್ಲ ಅಂದರು. ಅರ್ಧ ದಾರಿಯಲ್ಲಿ ನಾನೇ ಕಂಡಕ್ಟರನಿಗೆ ಹೇಳಿ ಇಳಿದೆ. ಬೇವಿನ ಮರದ ಕೆಳಗೆ ಕೂತು, ಊರ ಕಡೆ ಮರಳುವ ಚಕ್ಕಡಿಯೊಂದು ಸಿಗುವ ತನಕ ಕಾದು, ವಿಜಯಪುರಕ್ಕೇ ವಾಪಸಾದೆ. ತಮ್ಮನಿಗೆ ಅಕ್ಷತೆ ಹಾಕಲಾಗಲಿಲ್ಲ. ಅಲ್ಲಿಂದ ಮುಂದೆ ತವರಿಗೆ ಹೋಗುವುದನ್ನೇ ಬಿಟ್ಟೆ. ಅಪ್ಪನೇ ಆಗಾಗ ಬಂದು ನೋಡಿ ಹೋಗುತ್ತಿದ್ದ.

ಅತ್ತೆ ಮೊಮ್ಮಗಳನ್ನು ಗುಡಿಗೂ ಒಯ್ದರು, ದರ್ಗಾಕ್ಕೂ ಒಯ್ದರು. ವಯಸ್ಸಾದ ಡಾಕ್ಟರೊಬ್ಬರು ಮಗುವನ್ನು ಬಹಳ ಹೊತ್ತು ನೋಡಿ, ಬೆಂಗಳೂರಿಗೆ ಕರೆದೊಯ್ಯಿರಿ, ಇಲ್ಲಿ ಇದನ್ನು ಬಲ್ಲವರಿಲ್ಲ ಅಂದರು. ಬಸ್ಸಿನಲ್ಲಿ ಬಬಲೇಶ್ವರಕ್ಕೇ ಹೋಗಲಾರದ ಮಗುವನ್ನು ಬೆಂಗಳೂರಿಗೆ ಒಯ್ಯುವುದು ಹೇಗೆ ಎಂದು ನಾವು ಸುಮ್ಮನಾದೆವು.

ಒಂದು ಶ್ರಾವಣದಲ್ಲಿ ಬಳೆ ಇಡಿಸಿಕೊಳ್ಳಲು ಗುಡಿಯ ಹತ್ತಿರದ ಬಜಾರಕ್ಕೆ ಹೋದೆ. ಮಗಳು ಜೊತೆಗಿದ್ದಳು. ಆ ಅಂಗಡಿ ತಲೆಮಾರುಗಳಿಂದ ಊರಲ್ಲಿದ್ದ ಮುಸ್ಲಿಂ ಕುಟುಂಬವೊಂದರದು. ಅಂಗಡಿಯ ಹಿರಿಯರು ನನ್ನ ಅತ್ತೆಗೂ ಬಳೆ ಇಟ್ಟವರು. ಮಗಳು ಹೋದವಳೇ ಬಳೆಗಳ ಮೇಲೆ ಕೈ ಆಡಿಸತೊಡಗಿದಳು. ಗಾಜು ಚುಚ್ಚೀತೆಂದು ಎಳೆದದ್ದಕ್ಕೆ ನೆಲಕ್ಕೆ ಬಿದ್ದು ಹೊರಳಾಡಿದಳು. ಜನ ಸೇರಿದರು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಆಗ ಅಂಗಡಿಯ ಹಿಂದಿನ ಪರದೆ ಸರಿಸಿಕೊಂಡು ಒಬ್ಬ ಹೆಣ್ಣುಮಗಳು ಬಂದರು. ನನಗಿಂತ ಚಿಕ್ಕವರು. ಮಗುವನ್ನು ಮುಟ್ಟಲಿಲ್ಲ, ರಮಿಸಲಿಲ್ಲ. ಹಿತ್ತಾಳೆ ಬಳೆಗಳ ಗೊಂಚಲೊಂದನ್ನು ತೆಗೆದುಕೊಂಡು ಸ್ವಲ್ಪ ದೂರದಲ್ಲಿ ನೆಲದ ಮೇಲೆಯೇ ಕೂತರು. ಚೀರುತ್ತಿದ್ದ ಮಗು ಉಸಿರು ತೆಗೆದುಕೊಳ್ಳಲು ನಿಂತಾಗ ಬಳೆ ಅಲ್ಲಾಡಿಸಿದರು. ಮತ್ತೆ ಚೀರಿತು, ಇವರ ಕೈ ನಿಂತಿತು. ಸುಮ್ಮನಾಯಿತು, ಬಳೆ ಸಪ್ಪಳವಾಯಿತು. ಹೀಗೇ ಕೆಲ ಹೊತ್ತು ನಡೆದು, ಕೊನೆಗೆ ನನ್ನ ಮಗಳು ತೆವಳಿಕೊಂಡು ಹೋಗಿ ಅವರ ಮೊಣಕಾಲಿಗೆ ಕಿವಿಯಿಟ್ಟು ಮಲಗಿದಳು. ಗೊತ್ತಿಲ್ಲದವರ ಹತ್ತಿರ ಅವಳು ಹಾಗೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹಿರಿಯರು ನನಗೆ ಹೇಳಿದರು: “ನಮ್ಮ ಸೊಸಿ ಬೆಂಗಳೂರಾಗ ಇಂಥಾ ಮಕ್ಕಳ ಜೋಡೀನ ಕೆಲಸಾ ಮಾಡ್ಯಾಳ್ರಿ. ನಾಳಿ ಮಧ್ಯಾಹ್ನ ಮನಿಗೆ ಕರಕೊಂಡ ಬರ್ರಿ.”

ಆಕೆ ಮೈಸೂರಿನ ಕಡೆಯವರು. ಮನಃಶಾಸ್ತ್ರ ಓದಿ, ಬೆಂಗಳೂರಿನ ದವಾಖಾನೆಯೊಂದರಲ್ಲಿ ಮಕ್ಕಳ ನಡವಳಿಕೆ ತಿದ್ದುವ ತರಬೇತಿ ಪಡೆದಿದ್ದರು. ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೆ ಆ ಕೆಲಸ ಬಿಟ್ಟುಹೋಗಿತ್ತು. ಗಂಡ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕಾರು ಅನ್ನುತ್ತೇವೆ. ನಾನು ಅವರನ್ನು ಹಾಗೇ ಕರೆದೆ, ಕೊನೆಯ ತನಕ.

ಮೊದಲ ಕೆಲವು ಮಧ್ಯಾಹ್ನ ಅವರು ಏನೂ ಕಲಿಸಲಿಲ್ಲ. ಮಗಳನ್ನು ಅಂಗಳದಲ್ಲಿ ಬಿಟ್ಟು ನೋಡುತ್ತ ಕೂತರು, ನನ್ನನ್ನು ಕೇಳುತ್ತ ಹೋದರು. ಇವಳಿಗೆ ಏನು ಇಷ್ಟ, ತಲೆ ಜಜ್ಜಿಕೊಳ್ಳುವುದಕ್ಕೆ ಮುಂಚೆ ಏನಾಗಿರುತ್ತದೆ, ಜಜ್ಜಿಕೊಂಡ ಮೇಲೆ ನೀವು ಏನು ಮಾಡುತ್ತೀರಿ. ಕೊನೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮನೆಯಲ್ಲಿರುವುದನ್ನೆಲ್ಲ ತಂದು ಕೊಡುತ್ತೇವೆ, ಒಟ್ಟಿನಲ್ಲಿ ಸುಮ್ಮನಾದರೆ ಸಾಕು ಎಂದು ಹೇಳಿದೆ.

ಅಕ್ಕಾರು ಅಂದರು: “ಹಾಗಾದ್ರೆ ಇವಳಿಗೆ ಕಲಿಯೋಕೆ ಬರುತ್ತೆ. ಒಂದು ವಿಷಯ ಆಗಲೇ ಕಲಿತಿದ್ದಾಳೆ. ತಲೆ ಚಚ್ಚಿಕೊಂಡರೆ ನೀರು ಸಿಗುತ್ತೆ ಅಂತ. ನಾವು ಅದಕ್ಕಿಂತ ಸುಲಭದ ದಾರಿ ತೋರಿಸೋಣ.”

ನನಗೆ ಅಳು ತಡೆಯಲಾಗಲಿಲ್ಲ. ಅಲ್ಲಿಯ ತನಕ ಎಲ್ಲರೂ ಇವಳಿಗೆ ಏನು ಬರುವುದಿಲ್ಲ ಎಂಬುದನ್ನೇ ಹೇಳಿದ್ದರು. ಕಲಿಯಲು ಬರುತ್ತದೆ ಅಂದವರು ಇವರೊಬ್ಬರೇ. ನನ್ನ ಆಸೆ ಬಾಯಿಗೆ ಬಂತು. “ಅಕ್ಕಾರ, ನನ್ನ ಒಂದ ಸಲಾ ಅವ್ವಾ ಅಂತ ಕರಿಯೂವಂಗ ಮಾಡ್ರಿ” ಅಂದೆ. ಅವರು ಹೂಂ ಅನ್ನಲಿಲ್ಲ. ಮಾತು ಬರಬಹುದು, ಬರದೆಯೂ ಇರಬಹುದು, ಅದರ ಭರವಸೆ ಕೊಡಲಾರೆ ಅಂದರು. ಮೊದಲು ನೀರು ಕೇಳುವುದನ್ನು ಕಲಿಸೋಣ ಅಂದರು. ಸುಳ್ಳು ಹೇಳಿ ಸಮಾಧಾನ ಮಾಡದೆ ಇದ್ದುದಕ್ಕೇ ನಾನು ಅವರನ್ನು ನಂಬಿದೆ ಎಂದು ಈಗ ಅನಿಸುತ್ತದೆ.

ಕಲಿಸುವ ಬಗೆ ಹೀಗಿತ್ತು. ನಾನು ನೀರಿನ ತಂಬಿಗೆ ಹಿಡಿದು ಮಗಳ ಎದುರು ಕೂಡಬೇಕು. ಅಕ್ಕಾರು ಅವಳ ಹಿಂದೆ ಕೂತು, ಅವಳ ಕೈ ಹಿಡಿದು ಖಾಲಿ ಲೋಟ ಎತ್ತಿಸಿ ನನ್ನ ಅಂಗೈಯಲ್ಲಿ ಇಡಿಸಬೇಕು. ಲೋಟ ನನ್ನ ಕೈಗೆ ಬಂದ ಕ್ಷಣವೇ ನಾನು ‘ನೀರ’ ಅಂದು ಒಂದು ಗುಟುಕಿನಷ್ಟು ಸುರಿದು ಕೊಡಬೇಕು, ಬಳೆಯ ಗೊಂಚಲನ್ನು ಅಲ್ಲಾಡಿಸಬೇಕು. ಒಂದೇ ಗುಟುಕು ಯಾಕೆಂದರೆ, ಅದು ಮುಗಿದರೆ ಅವಳು ಮತ್ತೆ ಕೇಳಬೇಕಾಗುತ್ತದೆ. ದಿನ ಕಳೆದ ಹಾಗೆ ಅಕ್ಕಾರು ಮಗಳ ಬೆರಳು ಬಿಟ್ಟು ಮಣಿಕಟ್ಟು ಹಿಡಿದರು, ಆಮೇಲೆ ಮೊಣಕೈ, ಆಮೇಲೆ ಭುಜಕ್ಕೆ ಬೆರಳು ತಾಗಿಸಿದರೆ ಸಾಕಾಗುತ್ತಿತ್ತು. ಎಲ್ಲಿ ಕೈ ಬಿಡಬೇಕು ಎನ್ನುವುದೇ ಈ ಕೆಲಸದ ಕಷ್ಟ ಅನ್ನುತ್ತಿದ್ದರು.

ಮನೆಯಲ್ಲೂ ಇದನ್ನೇ ಮಾಡಬೇಕಿತ್ತು. ಅದಕ್ಕೆ ಇಬ್ಬರು ಬೇಕು. ಗಂಡ ಹಗಲೆಲ್ಲ ಕಚೇರಿಯಲ್ಲಿ. ಅತ್ತೆಯನ್ನು ಕೇಳಿದರೆ ಅವರು ಒಪ್ಪಲಿಲ್ಲ. “ದೊಂಬರಾಂವ ಮಂಗ್ಯಾಗ ಕಲಿಸಿದಂಗ ಕಲಸಾಕತ್ತೀರಿ. ಇದು ನನ್ನ ಮಗನ ಕೂಸ ಐತಿ ಬೇ, ಮಂಗ್ಯಾ ಅಲ್ಲ” ಅಂದರು.

ನಾನು ಹಿಂಜರಿಯುತ್ತಲೇ ಇದನ್ನು ಅಕ್ಕಾರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಒಂದು ಸಂಜೆ ತಾವೇ ನಮ್ಮ ಮನೆಗೆ ಬಂದು ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತರು. “ನೀವು ಹೇಳಿದ್ದು ನ್ಯಾಯವೇ, ಅಜ್ಜಿ. ಆಟ ಆಡಿಸೋನು ತನ್ನ ಹೊಟ್ಟೆಗೋಸ್ಕರ ಕಲಿಸ್ತಾನೆ. ನಾವು ಇವಳ ಬಾಯಾರಿಕೆಗೋಸ್ಕರ ಕಲಿಸ್ತಾ ಇದ್ದೀವಿ. ನಾವು ಮಾಡೋದರಲ್ಲಿ ಇವಳಿಗೆ ಅವಮಾನ ಆಗ್ತಿದೆ ಅಂತ ನಿಮಗೆ ಯಾವತ್ತು ಅನಿಸುತ್ತೋ ಅವತ್ತೇ ಹೇಳಿ, ನಿಲ್ಲಿಸ್ತೀನಿ” ಅಂದರು. ಅತ್ತೆ, ಚಹ ಕುಡಿದು ಹೋಗು ಅಂದರು ಅಷ್ಟೇ.

ಆಮೇಲೆ ಬಂದವು ಕೆಟ್ಟ ದಿನಗಳು. ತಲೆ ಜಜ್ಜಿಕೊಂಡರೆ ಇನ್ನು ನೀರು ಕೊಡಬಾರದು, ಜಜ್ಜಿಕೊಳ್ಳುವುದು ನಿಂತ ಗಳಿಗೆಯಲ್ಲಿ ಕೈ ಹಿಡಿದು ಲೋಟ ತೋರಿಸಿ ಆಮೇಲೆ ಕೊಡಬೇಕು ಎಂದು ಅಕ್ಕಾರು ಹೇಳಿದ್ದರು. ಹೀಗೆ ಮಾಡಿದರೆ ಮೊದಲು ಹಟ ಏರುತ್ತದೆ, ಇಷ್ಟು ದಿನ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ಯಾರಾದರೂ ಜೋರಾಗಿಯೇ ಬಡಿಯುತ್ತಾರಲ್ಲ, ಹೆದರಬೇಡಿ ಎಂದೂ ಎಚ್ಚರಿಸಿದ್ದರು. ಏರಿತು. ನಾನು ಗೋಡೆಗೂ ಅವಳ ಹಣೆಗೂ ನಡುವೆ ಮಡಚಿದ ಕೌದಿ ಹಿಡಿದು ಕೂಡುತ್ತಿದ್ದೆ. ಬೈಯುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ಅಕ್ಕಾರು ದಿನವೂ ಬಂದು ಹಣೆ ನೋಡಿ, ನನ್ನ ಮುಖವನ್ನೂ ನೋಡಿ, ನನ್ನ ಕೈಯಿಂದ ಕೌದಿ ತೆಗೆದುಕೊಂಡು ತಾವು ಕೂಡುತ್ತಿದ್ದರು, ನಾನು ಆ ಹೊತ್ತಿನಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅತ್ತೆಗೆ ಇದನ್ನು ನೋಡಲಾಗಲಿಲ್ಲ. ಹಡೆದವಳು ನೀರು ಕೊಡದೆ ಕೂತಿದ್ದಾಳೆ ಎಂದು ಅತ್ತು, ಸೀರೆ ಗಂಟು ಕಟ್ಟಿಕೊಂಡು ತಿಕೋಟಾಕ್ಕೆ ಹೊರಟುಹೋದರು.

ಅವರು ಹೋದ ಮೇಲೆ ಹಟ ಇಳಿಯತೊಡಗಿತು. ಯಾವ ದಿನ ಎಂದು ಹೇಳಲಾರೆ. ಒಂದು ಬೆಳಿಗ್ಗೆ ಕೌದಿ ಮೂಲೆಯಲ್ಲಿ ಮಡಚಿದಂತೆಯೇ ಇದೆ ಎಂಬುದನ್ನು ಕಂಡು ನನಗೇ ಆಶ್ಚರ್ಯವಾಯಿತು. ಆದರೂ ಅವಳು ಲೋಟ ಕೊಡುತ್ತಿದ್ದುದು ನಾನು ಎದುರು ಕೂತಾಗ ಮಾತ್ರ.

ದಸರೆಗೆ ಮುಂಚೆ ಅತ್ತೆ ಮರಳಿ ಬಂದರು. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದಿದ್ದರು. ಕೈಯಲ್ಲಿಯ ಚೀಲ ಇಳಿಸದೆಯೇ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಒಳಗಿನಿಂದ ಬರುವಷ್ಟರಲ್ಲಿ ಮಗಳು ನೀರಿನ ಹರವಿಯ ಹತ್ತಿರದಿಂದ ಲೋಟ ತೆಗೆದುಕೊಂಡು ಹೊರಟಿದ್ದಳು. ನನ್ನನ್ನು ದಾಟಿ ಹೋದಳು. ಅಜ್ಜಿಯ ಮುಂದೆ ನಿಂತು, ಮುಖ ನೋಡದೆ, ಅಜ್ಜಿಯ ಬೆರಳು ಬಿಡಿಸಿ ಅಂಗೈಯಲ್ಲಿ ಲೋಟ ಇಟ್ಟಳು. ಚೀರಲಿಲ್ಲ, ಗೋಡೆಯ ಕಡೆ ತಿರುಗಲೂ ಇಲ್ಲ.

ಅತ್ತೆ ನನ್ನನ್ನು ನೋಡಿದರು. ನಾನು ಬಾಗಿಲಲ್ಲೇ ನಿಂತೆ.

“ನೀರ ಬೇಕೇನ ನನ್ನವ್ವಾ” ಎಂದು ಅತ್ತೆ ಕೇಳಿದರು. ಎದ್ದು ಒಳಗೆ ಬಂದು ಲೋಟದ ತುಂಬ, ಚೆಲ್ಲುವಷ್ಟು, ನೀರು ತುಂಬಿ ಕೊಟ್ಟರು. ಒಂದು ಗುಟುಕಿನ ನಿಯಮವನ್ನು ಅವರಿಗೆ ನೆನಪಿಸುವ ಮನಸ್ಸು ನನಗಾಗಲಿಲ್ಲ. ಆಮೇಲೆ ಅಕ್ಕಾರಿಗೆ ಹೇಳಿದಾಗ ಅವರೂ ನಕ್ಕು, ಅವತ್ತಿನ ಮಟ್ಟಿಗೆ ಅದೇ ಸರಿ ಅಂದರು. ಮರುದಿನದಿಂದ ಮಗಳ ಹಿಂದೆ ಕೂಡುವವರು ಅತ್ತೆಯೇ ಆದರು. ರೊಟ್ಟಿ ಕೇಳುವುದು, ಮಣೆಯ ಮೇಲೆ ಕೂತು ಉಣ್ಣುವುದು, ತಲೆ ಬಾಚಿಸಿಕೊಳ್ಳುವುದು, ಒಂದೊಂದಾಗಿ ಬಂದವು. ತಲೆ ಬಾಚುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಮರುವರ್ಷ ಅಕ್ಕಾರ ಗಂಡನಿಗೆ ಗುಲಬರ್ಗಾಕ್ಕೆ ವರ್ಗವಾಯಿತು. ಹೋಗುವುದಕ್ಕೆ ಮುಂಚೆ ಅವರು, ನೀವೇ ಒಂದನ್ನು ಆರಿಸಿಕೊಳ್ಳಿ, ಹೇಗೆ ಕಲಿಸುತ್ತೀರಿ ಅಂತ ನನಗೆ ಹೇಳಿ ಅಂದರು. ನಾನು ಬಸ್ಸು ಅಂದೆ. ಬಸ್ಸಿನಲ್ಲಿ ಅವಳಿಗೆ ಕಷ್ಟ ಯಾವುದು ಎಂದು ಕೇಳಿದರು. ನಾನು ಮತ್ತೆ “ಬಸ್ಸರೀ” ಅಂದೆ.

ಅವರು ನಕ್ಕುಬಿಟ್ಟರು. “ಬಸ್ಸು ಬಹಳ ದೊಡ್ಡದು. ಮೊದಲು ಅದನ್ನ ತುಂಡು ಮಾಡಿ.”

ಅವರು ಹೋದ ಮೇಲೆ ನಾನು ಮಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಹೊರಗೋಡೆಯ ಹತ್ತಿರ ನಿಲ್ಲತೊಡಗಿದೆ. ನೋಡುವುದನ್ನು ಅವರಿಂದಲೇ ಕಲಿತಿದ್ದೆ. ಜನರ ಗದ್ದಲಕ್ಕೆ ಇವಳು ಬೆದರುತ್ತಿರಲಿಲ್ಲ. ನಿಂತ ಬಸ್ಸಿಗೂ ಇಲ್ಲ, ಓಡುವ ಬಸ್ಸಿಗೂ ಇಲ್ಲ. ಬಸ್ಸು ಶುರುವಾಗುವಾಗ ಕಿಟಕಿಯ ಗಾಜುಗಳೆಲ್ಲ ಗಡಗಡ ಅಲ್ಲಾಡುತ್ತವಲ್ಲ, ಆಗ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕಷ್ಟ ಅಲ್ಲಿತ್ತು. ಆ ಸಪ್ಪಳವನ್ನು ಮೊದಲು ದೂರದಿಂದ ಕೇಳಿಸಿದೆ, ಕಿವಿಯಿಂದ ಕೈ ತೆಗೆದ ಕೂಡಲೇ ಅದೇ ಬಳೆಯ ಗೊಂಚಲು ಕೊಟ್ಟೆ. ದಿನದಿನಕ್ಕೆ ಒಂದಿಷ್ಟು ಹತ್ತಿರವಾದೆವು. ಬಬಲೇಶ್ವರದ ಬಸ್ಸಿನ ಡ್ರೈವರ್ ನಮ್ಮನ್ನು ದಿನವೂ ನೋಡಿ, ಏನ್ರಿ ಎಂದು ಕೇಳಿ ತಿಳಿದುಕೊಂಡ. ಹೊರಡುವ ಹೊತ್ತಿಗಿಂತ ಮೊದಲೇ ಖಾಲಿ ಬಸ್ಸಿನಲ್ಲಿ ನಮ್ಮನ್ನು ಕೂಡಿಸಿ, ಇಂಜಿನ್ ಶುರು ಮಾಡಿ ನಿಲ್ಲಿಸುತ್ತಿದ್ದ. ಆ ಪುಣ್ಯಾತ್ಮನನ್ನೂ ನಾನು ಮರೆತಿಲ್ಲ.

ಹಾಗೆ ಕೂತಿದ್ದಾಗ ಒಂದು ದಿನ ಮಗಳು ಅಲ್ಲಾಡುವ ಗಾಜಿನ ಮೇಲೆ ಅಂಗೈ ಒತ್ತಿದಳು. ಸಪ್ಪಳ ನಿಂತಿತು. ಕೈ ತೆಗೆದಳು, ಶುರುವಾಯಿತು. ಮತ್ತೆ ಒತ್ತಿದಳು. ಅದು ಅವಳ ಮಾತು ಕೇಳುತ್ತದೆ ಎಂದು ಗೊತ್ತಾದ ಮೇಲೆ ಅವಳ ಮುಖದಲ್ಲಿ ನಗು ಬಂತು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮೊದಲು ಊರಿನ ಅಂಚಿನ ತನಕ ಹೋಗಿ ಇಳಿದು ನಡೆದು ಬಂದೆವು. ಆಮೇಲೆ ಇನ್ನಷ್ಟು ಮುಂದಕ್ಕೆ. ಆ ಚಳಿಗಾಲದಲ್ಲಿಯೇ ತಮ್ಮ ಬಂದು, ಅಪ್ಪ ಹಾಸಿಗೆ ಹಿಡಿದಿದ್ದಾನೆ, ಕಾಲಲ್ಲಿ ಬಲ ಉಳಿದಿಲ್ಲ ಎಂದು ಹೇಳಿದ. ಇನ್ನು ಅಪ್ಪ ನಮ್ಮನ್ನು ನೋಡಲು ಬರುವಂತಿರಲಿಲ್ಲ. ಒಂದು ರವಿವಾರ ಗಂಡ, ನಾನು, ಮಗಳು ಬಬಲೇಶ್ವರದ ಬಸ್ಸು ಹತ್ತಿದೆವು. ಬೇವಿನ ಮರ ಹಿಂದೆ ಹೋಯಿತು. ಮಗಳು ಗಾಜಿಗೆ ಕೈಯೊತ್ತಿ ಹೊಲಗಳನ್ನು ನೋಡುತ್ತ ಕೂತಿದ್ದಳು. ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ನನ್ನೂರಿನ ದಾರಿಯನ್ನು ನಾನು ಕಣ್ತುಂಬ ನೋಡಿ ಎಷ್ಟು ಕಾಲವಾಗಿತ್ತು.

ಅಪ್ಪ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಮಗಳು ಹತ್ತಿರ ಹೋಗಿ ಅವನ ಕಂಬಳಿಯನ್ನು ಮೂಸಿದಳು, ಹೊರಸು ಹತ್ತಿ ಅವನ ಕಾಲ ಬದಿಗೆ ಮಲಗಿಕೊಂಡಳು. ಅಪ್ಪ ಕಂಬಳಿಯ ಅಂಚನ್ನು ಅವಳ ಮೇಲೂ ಎಳೆದ.

“ಬಸ್ಸಿನ್ಯಾಗ ಬಂದಳೇನ?” ಎಂದು ನನ್ನನ್ನು ಕೇಳಿದ.

“ಹೌದಪ್ಪಾ.”

“ಯಾರ ಕಲಿಸಿದರು?”

ನಾನು ಅಕ್ಕಾರ ವಿಷಯವೆಲ್ಲ ಹೇಳಿದೆ. ಆಕಿನ್ನ ಒಮ್ಮೆ ಕರಕೊಂಡು ಬಾ, ನೋಡಬೇಕು ಅಂದ. ಅವರು ಊರು ಬಿಟ್ಟು ಹೋದದ್ದನ್ನೂ, ಬಸ್ಸನ್ನು ಅವರು ಹೋದ ಮೇಲೆ ಕಲಿಸಿದ್ದನ್ನೂ ಹೇಳಿದೆ. “ಹಂಗಾರ ಆಕಿ ನಿನಗೂ ಕಲಿಸಿ ಹೋಗ್ಯಾಳಂದಂಗಾತ, ಯವ್ವಾ” ಅಂದ ಅಪ್ಪ. ಮುಂದೆ ಅವನು ಇದ್ದಷ್ಟು ದಿನ ನಾವು ತಪ್ಪದೆ ಹೋಗುತ್ತಿದ್ದೆವು. ಬೇಸಿಗೆಯಲ್ಲಿ ಅವನು ತೀರಿಕೊಂಡಾಗ ನಾನು ಹತ್ತಿರವೇ ಇದ್ದೆ.

ಮಗಳ ಬಾಯಲ್ಲಿ ‘ಅವ್ವ’ ಎಂಬ ಮಾತು ಮತ್ತೆ ಬರಲಿಲ್ಲ. ಬೇರೆ ಕೆಲವು ಬಂದವು. ಮೊದಲು ಬಂದದ್ದು ‘ಬ್ಯಾಡ’. ಆ ದಿನ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಈಗ ಅವಳು, ಅವಳ ನಂತರ ಹುಟ್ಟಿದ ನನ್ನ ಮಗನ ಮನೆಯಲ್ಲಿ ನನ್ನ ಜೊತೆ ಇದ್ದಾಳೆ. ತನ್ನ ಬಟ್ಟೆ ತಾನೇ ಒಗೆಯುತ್ತಾಳೆ, ಬೇಳೆ ಆರಿಸುತ್ತಾಳೆ, ಸಿಟ್ಟು ಬಂದರೆ ಹಿತ್ತಲಿಗೆ ಹೋಗಿ ನಿಂತು ತಣ್ಣಗಾಗಿ ಬರುತ್ತಾಳೆ. ಎಲ್ಲವೂ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಅವಳಿಗೆ ಏನು ಬೇಕೆಂದು ನಮಗೆ ತಿಳಿಯುತ್ತದೆ, ನಮ್ಮ ಮಾತು ಅವಳಿಗೆ ತಿಳಿಯುತ್ತದೆ.

ಅಕ್ಕಾರನ್ನು ಆಮೇಲೆ ನಾನು ಕಂಡದ್ದು ಒಂದೇ ಸಲ. ನಾದಿನಿಯ ಮದುವೆಗೆಂದು ಗುಲಬರ್ಗಾದಿಂದ ಬಂದಿದ್ದರು, ತುಂಬಿದ ಬಸುರಿ. ನಮ್ಮ ಮನೆಗೂ ಬಂದರು. ಬಸ್ಸಿನ ಕತೆ, ಮಗಳು ಗಾಜಿಗೆ ಕೈಯೊತ್ತಿದ ಕತೆ ಹೇಳಿದೆ. ಅವರು ಅದನ್ನು ಮತ್ತೊಮ್ಮೆ ಹೇಳಿಸಿ ಕೇಳಿದರು. “ಇದನ್ನ ನಾನೂ ಕಲಿಸಿಲ್ಲ, ನೀವೂ ಕಲಿಸಿಲ್ಲ. ಇವಳೇ ಹುಡುಕಿಕೊಂಡಿದ್ದು” ಎಂದು ಮಗಳ ಕಡೆ ನೋಡಿದರು.

ಅವರು ಹೊರಡಲು ಎದ್ದಾಗ ಅತ್ತೆ ತಡೆದರು. ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹೊಸ ಕುಪ್ಪಸದ ಖಣ ಮೊರದಲ್ಲಿಟ್ಟುಕೊಂಡು ಬಂದರು. ಮನೆಯ ಹೆಣ್ಣುಮಗಳು ಬಸುರಿಯಾಗಿ ತವರಿಗೆ ಬಂದಾಗ ನಮ್ಮಲ್ಲಿ ಉಡಿ ತುಂಬುತ್ತೇವೆ. ಅಕ್ಕಾರಿಗೆ ಈ ಪದ್ಧತಿ ಗೊತ್ತಿತ್ತೋ ಇಲ್ಲವೋ. ಅತ್ತೆ, “ಸೆರಗ ಒಡ್ಡ ಯವ್ವಾ” ಅಂದರು. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಸೆರಗು ಹರಡಿ ಒಡ್ಡಿದರು. ಅತ್ತೆ ಬೊಗಸೆ ಬೊಗಸೆಯಾಗಿ ಅಕ್ಕಿ ತುಂಬಿದರು.